72ರ ಶೆವೆಲ್‌ಗೆ ಯಾವ ಕ್ಯಾಮ್ ಹಾಕಿಸಲಿ?

ಪ್ರಶ್ನೆ: ನಾವು ಮಿಶಿಗನ್‌ನಲ್ಲಿದ್ದೇವೆ. ಹೋದ ಬೇಸಿಗೆಯಲ್ಲಿ 1972ರ ಶೆವ್ರೊಲೆ ಶೆವೆಲ್ ಮಾಲಿಬು ಕೊಂಡೆ. 350 ಕ್ಯೂಬಿಕ್ ಇಂಚಿನ ವಿ8, ಮೂರು ಗೇರಿನ ಟರ್ಬೊ 350 ಆಟೊಮ್ಯಾಟಿಕ್, ಪವರ್ ಬ್ರೇಕ್. ಹೆಡ್ಡು (ಸಿಲಿಂಡರ್ ಮೇಲಿನ ಮುಚ್ಚಳ) 76 ಸಿಸಿ ಚೇಂಬರಿನದು, ಹಿಂದಿನ ಆಕ್ಸಲ್ ಗೇರಿನ ರೇಶಿಯೊ 2.73. ಎಂಜಿನ್ ಯಾವತ್ತೂ ಬಿಚ್ಚಿಲ್ಲ ಅಂತ ಮಾರಿದವರು ಹೇಳಿದರು. ಚೆನ್ನಾಗಿ ಓಡುತ್ತದೆ, ಆದರೆ ಸಪ್ಪೆ. ಸಿಗ್ನಲ್‌ನಲ್ಲಿ ನಿಂತಾಗ ಗುಡುಗುವ ಸೌಂಡ್ ಬೇಕು, ಪಿಕಪ್ಪೂ ಬೇಕು. ಗೆಳೆಯರೊಬ್ಬರು ಕಾಂಪ್ ಕ್ಯಾಮ್ಸ್ ಕಂಪನಿಯ 284 ಕ್ಯಾಮ್ ಹಾಕಿಸು ಅನ್ನುತ್ತಿದ್ದಾರೆ. ವಾರಾಂತ್ಯಕ್ಕೆ ಹೆಂಡತಿ, ಮಗಳನ್ನು ಕೂರಿಸಿಕೊಂಡು ಹೋಗುವ ಕಾರು, ರೇಸಿಗಲ್ಲ. ಐದು ಸಾವಿರ ಡಾಲರ್ ತೆಗೆದಿಟ್ಟಿದ್ದೇನೆ. ಯಾವ ಕ್ಯಾಮ್ ಹಾಕಿಸಲಿ, ಜೊತೆಗೆ ಏನೇನು ಬದಲಿಸಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಕಾರಿಗೆ 284ರ ಕ್ಯಾಮ್ (ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ, ಉಬ್ಬುಗಳಿರುವ ದಂಡ) ಬೇಡ. ಹಾಕಿಸಿದರೆ ಸೌಂಡ್ ಬರುತ್ತದೆ, ಈಗ ಇರುವ ಅಷ್ಟಿಷ್ಟು ಪಿಕಪ್ಪೂ ಹೋಗುತ್ತದೆ. ನಿಮಗೆ ಒಪ್ಪುವುದು ಅದೇ ಸಾಲಿನ 262. ಅದಕ್ಕೂ ಮುಂಚೆ ಎಕ್ಸಾಸ್ಟು, ಇಗ್ನಿಷನ್ನು, ಹಿಂದಿನ ಗೇರು ಈ ಮೂರು ಕಡೆ ದುಡ್ಡು ಹಾಕಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಆ ಸಪ್ಪೆಯ ವಿಷಯ. 1970ರ ಶೆವೆಲ್‌ನಲ್ಲಿ ನಾಲ್ಕು ಬ್ಯಾರೆಲ್ (ಗಾಳಿ ಒಳಹೋಗುವ ಬಾಯಿ) ಕಾರ್ಬುರೇಟರಿನ 350 ಎಂಜಿನ್ನಿಗೆ ಕಂಪನಿ 300 ಎಚ್‌ಪಿ ಅಂತ ಬರೆದಿತ್ತು. ಕಂಪ್ರೆಶನ್, ಅಂದ್ರೆ ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, 10.25. ಸೀಸ ಕಡಿಮೆ ಇರುವ ಪೆಟ್ರೋಲಿನಲ್ಲೂ ಓಡಲಿ ಅಂತ 1971ಕ್ಕೆ ಜನರಲ್ ಮೋಟರ್ಸ್ ತನ್ನ ಎಂಜಿನ್‌ಗಳ ಕಂಪ್ರೆಶನ್ ಇಳಿಸಿತು. ಈ ಎಂಜಿನ್ 8.5ಕ್ಕೆ ಬಂತು, ಎಚ್‌ಪಿ 270 ಆಯಿತು. 1972ಕ್ಕೆ ಅಳೆಯುವ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಬರಿ ಎಂಜಿನ್ನನ್ನು ಬೆಂಚಿನ ಮೇಲೆ ಓಡಿಸಿ ಅಳೆಯುತ್ತಿದ್ದರು, ಅದು ಗ್ರಾಸ್ ಲೆಕ್ಕ. ಆಮೇಲೆ ಏರ್ ಕ್ಲೀನರು, ಸೈಲೆನ್ಸರು, ಆಲ್ಟರ್ನೇಟರು ಎಲ್ಲ ಕಟ್ಟಿಯೇ ಅಳೆಯಬೇಕಾಯಿತು, ಅದು ನೆಟ್. ಹಾಗಾಗಿ ನಿಮ್ಮ ವರ್ಷದ ಶೆವೆಲ್‌ನಲ್ಲಿ ನಾಲ್ಕು ಬ್ಯಾರೆಲ್‌ನದು 175, ಎರಡು ಬ್ಯಾರೆಲ್‌ನದು 165 ಎಚ್‌ಪಿ. 270ರಿಂದ 175ಕ್ಕೆ ಇಳಿದದ್ದು ಬಹುತೇಕ ಕಾಗದದ ಮೇಲೆ ಮಾತ್ರ. ನಿಜವಾಗಿ ಕಳೆದುಹೋದದ್ದು ಕಂಪ್ರೆಶನ್. ಇನ್ನೊಂದು ಗಮನಿಸಿ: ಅದೇ 1972ರಲ್ಲಿ ಡ್ಯುಯಲ್ ಎಕ್ಸಾಸ್ಟ್ ಇದ್ದ ಕಮಾರೊದಲ್ಲಿ ಇದೇ ನಾಲ್ಕು ಬ್ಯಾರೆಲ್ ಎಂಜಿನ್ನಿಗೆ 200 ಎಚ್‌ಪಿ ಅಂತ ಇತ್ತು. ಎಕ್ಸಾಸ್ಟಿಗೆ ಮೊದಲು ದುಡ್ಡು ಹಾಕಿ ಅಂದಿದ್ದು ಅದಕ್ಕೇ.

ನಿಮ್ಮದು ಎಷ್ಟು ಬ್ಯಾರೆಲ್‌ನದು ಅಂತ ಬರೆದಿಲ್ಲ. ಡ್ಯಾಶ್‌ಬೋರ್ಡಿನ ಎಡ ಮೂಲೆಯಲ್ಲಿ ಗಾಜಿನ ಕೆಳಗೆ ಕಾರಿನ ಗುರುತಿನ ನಂಬರಿರುವ ವಿನ್ ಪ್ಲೇಟ್ ಇದೆ. ಅದರಲ್ಲಿ ಐದನೆಯದು ಎಚ್ ಇದ್ದರೆ ಕಾರ್ಖಾನೆಯಿಂದ ಎರಡು ಬ್ಯಾರೆಲ್ ಬಂದದ್ದು, ಜೆ ಇದ್ದರೆ ನಾಲ್ಕು.

ಈಗ ಕ್ಯಾಮ್. ಪ್ರತಿ ಕ್ಯಾಮ್ ಜೊತೆ ಒಂದು ಕಾರ್ಡ್ ಬರುತ್ತದೆ. ಅದರಲ್ಲಿ ನೋಡಬೇಕಾದ್ದು ಮೂರು: ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವ ಡ್ಯುರೇಶನ್, ಎಷ್ಟು ಎತ್ತರಕ್ಕೆ ತೆರೆಯುತ್ತದೆ ಅನ್ನುವ ಲಿಫ್ಟ್, ಇನ್‌ಟೇಕ್ ಮತ್ತು ಎಕ್ಸಾಸ್ಟ್ ಲೋಬ್‌ಗಳ (ಕ್ಯಾಮಿನ ಉಬ್ಬುಗಳ) ತುದಿಗಳ ನಡುವಿನ ಅಂತರ ಹೇಳುವ ಲೋಬ್ ಸೆಪರೇಶನ್. ಡ್ಯುರೇಶನ್ನನ್ನು ಎರಡು ಥರ ಬರೆದಿರುತ್ತಾರೆ. ಕ್ಯಾಮಿನ ಹೆಸರಲ್ಲಿರುವ 262, 268, 284 ಜಾಹೀರಾತಿನ ಡ್ಯುರೇಶನ್. ಲೋಬ್ ಮೇಲೆತ್ತುವ ಲಿಫ್ಟರ್ ಯಾವ ಎತ್ತರದಲ್ಲಿದ್ದಾಗ ಲೆಕ್ಕ ಶುರು ಮಾಡಿದರು ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ಲಿಫ್ಟರ್ 0.050 ಇಂಚು ಎದ್ದ ಮೇಲಿನ ಲೆಕ್ಕ ಮಾತ್ರ ಎಲ್ಲರದ್ದೂ ಒಂದೇ. ಎರಡು ಕಂಪನಿಗಳ ಕ್ಯಾಮ್ ಹೋಲಿಸುವಾಗ ಅದನ್ನೇ ನೋಡಿ.

ಕಾಂಪ್‌ನ ಎಕ್ಸ್‌ಟ್ರೀಮ್ ಎನರ್ಜಿ ಸಾಲಿನ ಫ್ಲಾಟ್ ಟ್ಯಾಪೆಟ್ (ಚಪ್ಪಟೆ ತಳದ ಲಿಫ್ಟರ್) ಕ್ಯಾಮ್‌ಗಳನ್ನೇ ತೆಗೆದುಕೊಳ್ಳೋಣ, ನಿಮ್ಮ ಗೆಳೆಯರು ಹೇಳಿದ್ದು ಅದೇ ಸಾಲಿನದು. 262ಕ್ಕೆ 0.050ರಲ್ಲಿ ಇನ್‌ಟೇಕ್ 218, ಎಕ್ಸಾಸ್ಟ್ 224 ಡಿಗ್ರಿ. 268ಕ್ಕೆ 224, 230. 274ಕ್ಕೆ 230, 236. 284ಕ್ಕೆ 240, 246. ನಾಲ್ಕಕ್ಕೂ ಲೋಬ್ ಸೆಪರೇಶನ್ 110. ಕ್ಯಾಟಲಾಗಿನ ಪ್ರಕಾರ 262 ಕೆಲಸ ಮಾಡುವುದು 1300ರಿಂದ 5600 ಆರ್‌ಪಿಎಂ ತನಕ, 284 ಕೆಲಸ ಮಾಡುವುದು 2300ರಿಂದ 6500.

ಆ 2300ನ್ನು ನಿಮ್ಮ ಕಾರಿಗೆ ಹಾಕಿ ನೋಡಿ. ಟೈರಿನ ವ್ಯಾಸ 26 ಇಂಚು ಅಂದುಕೊಳ್ಳೋಣ. 2.73 ಆಕ್ಸಲ್‌ನಲ್ಲಿ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 2.73 ಸುತ್ತು) ಟಾಪ್ ಗೇರಿನಲ್ಲಿ ಎಂಜಿನ್ 2300 ಮುಟ್ಟುವುದು ಸುಮಾರು 65 ಮೈಲಿ ವೇಗದಲ್ಲಿ. ಅಂದ್ರೆ ಹೈವೇಗೆ ಹೋಗುವ ತನಕ ನೀವು ದುಡ್ಡು ಕೊಟ್ಟ ಕ್ಯಾಮ್ ಇನ್ನೂ ಎದ್ದೇ ಇರುವುದಿಲ್ಲ. ಊರೊಳಗೆ 30 ಮೈಲಿ ವೇಗದಲ್ಲಿ ಟಾಪ್ ಗೇರಿಗೆ ಬಿದ್ದರೆ ಎಂಜಿನ್ ಓಡುತ್ತಿರುವುದು ಸಾವಿರ ಚಿಲ್ಲರೆ ಆರ್‌ಪಿಎಂನಲ್ಲಿ. ನೀವು ಕಾರಿನಲ್ಲಿ ಕಳೆಯುವ ಹೊತ್ತೆಲ್ಲ ಅಲ್ಲೇ ಅಲ್ವಾ?

ಗುಡುಗುವ ಸೌಂಡ್ ಎಲ್ಲಿಂದ ಬರುತ್ತದೆ? ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವ ಮುಂಚೆಯೇ ಇನ್‌ಟೇಕ್ ತೆರೆಯುತ್ತದೆ. ಸ್ವಲ್ಪ ಹೊತ್ತು ಎರಡೂ ತೆರೆದಿರುತ್ತವೆ. ಇದು ಓವರ್‌ಲ್ಯಾಪ್. ಜೋರಾಗಿ ಓಡುವಾಗ ಹೊರಗೆ ಹೋಗುವ ಗ್ಯಾಸೇ ಒಳಗೆ ಬರುವ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆಗ ಓವರ್‌ಲ್ಯಾಪ್ ಲಾಭ. ಐಡಲ್‌ನಲ್ಲಿ, ಅಂದ್ರೆ ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ, ಆ ರಭಸ ಇರುವುದಿಲ್ಲ. ಒಂದೇ ಬಾಗಿಲಿನ ಸಿಟಿ ಬಸ್ಸಲ್ಲಿ ಇಳಿಯುವವರು, ಹತ್ತುವವರು ಒಟ್ಟಿಗೆ ನುಗ್ಗಿದ ಹಾಗೆ ಆಗುತ್ತದೆ. ಸುಟ್ಟ ಗ್ಯಾಸ್ ವಾಪಸ್ ಇನ್‌ಟೇಕ್‌ಗೆ ನುಗ್ಗುತ್ತದೆ, ಒಂದು ಸಿಲಿಂಡರ್ ಸರಿಯಾಗಿ ಉರಿದರೆ ಇನ್ನೊಂದು ಉರಿಯುವುದಿಲ್ಲ. ಆ ಏರುಪೇರೇ ನಿಮಗೆ ಇಷ್ಟವಾದ ಸದ್ದು. ಅಂದ್ರೆ ಐಡಲ್‌ನಲ್ಲಿ ಕೇಳುವ ಆ ಗುಡುಗು ಶಕ್ತಿಯ ಸದ್ದಲ್ಲ, ಅರೆಬರೆ ಉರಿಯುತ್ತಿರುವ ಎಂಜಿನ್ನಿನ ಸದ್ದು.

ಓವರ್‌ಲ್ಯಾಪ್ ಲೆಕ್ಕ ನೀವೇ ಮಾಡಬಹುದು. ಇನ್‌ಟೇಕ್, ಎಕ್ಸಾಸ್ಟ್ ಎರಡರ ಜಾಹೀರಾತು ಡ್ಯುರೇಶನ್ ಕೂಡಿಸಿ, ನಾಲ್ಕರಿಂದ ಭಾಗಿಸಿ, ಲೋಬ್ ಸೆಪರೇಶನ್ ಕಳೆಯಿರಿ, ಬಂದದ್ದನ್ನು ಎರಡರಿಂದ ಗುಣಿಸಿ. 262ರದ್ದು 262 ಮತ್ತು 270: ಓವರ್‌ಲ್ಯಾಪ್ 46 ಡಿಗ್ರಿ. 268ರದ್ದು 268 ಮತ್ತು 280: 54. 284ರದ್ದು 284 ಮತ್ತು 296: ನೇರ 70. ಕೆಲವು ಕಂಪನಿಗಳು ಸದ್ದಿಗೆಂದೇ ಲೋಬ್ ಸೆಪರೇಶನ್ 107ಕ್ಕೆ ಇಳಿಸಿ ಕ್ಯಾಮ್ ಮಾಡುತ್ತವೆ. ಅದು ಅವರವರ ಇಷ್ಟ. ನನ್ನನ್ನು ಕೇಳಿದರೆ, ಮಗಳನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಅದು ಬೇಡ.

ಯಾಕೆಂದರೆ ನಿಮ್ಮದು ಪವರ್ ಬ್ರೇಕ್. ಅದರ ಬೂಸ್ಟರ್ ಓಡುವುದು ಇನ್‌ಟೇಕ್‌ನ ವ್ಯಾಕ್ಯೂಮಿನಿಂದ. ಒಳ್ಳೆಯ ಸ್ಟಾಕ್ (ಕಾರ್ಖಾನೆಯಿಂದ ಬಂದ ಹಾಗೇ ಇರುವ) ಎಂಜಿನ್ ಐಡಲ್‌ನಲ್ಲಿ, ಪಾದರಸದ ಲೆಕ್ಕದಲ್ಲಿ, 18ರಿಂದ 20 ಇಂಚು ವ್ಯಾಕ್ಯೂಮ್ ಕೊಡುತ್ತದೆ. ಬ್ರೇಕ್ ನೆಮ್ಮದಿಯಾಗಿ ಹಿಡಿಯಬೇಕಾದರೆ 15ರ ಆಸುಪಾಸು ಬೇಕು. 262ರಲ್ಲಿ ಅದು ಸಿಗುತ್ತದೆ. 268ರಲ್ಲಿ ಅಂಚಿಗೆ ಬರುತ್ತದೆ. 284ರಲ್ಲಿ ಹತ್ತರ ಹತ್ತಿರಕ್ಕೆ ಇಳಿಯುತ್ತದೆ, ಪೆಡಲ್ ಕಲ್ಲಾಗುತ್ತದೆ. ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಹಾಕಿ ಸರಿಮಾಡಬಹುದು. ಆದರೆ ಸೌಂಡಿಗೋಸ್ಕರ ಬ್ರೇಕ್ ಕೆಡಿಸಿ, ಆಮೇಲೆ ಬ್ರೇಕಿಗೋಸ್ಕರ ಪಂಪ್ ಹಾಕುವುದು ನನಗಂತೂ ಒಪ್ಪಿಗೆ ಇಲ್ಲ. ಒಂದು ವ್ಯಾಕ್ಯೂಮ್ ಗೇಜ್ ಕೊಂಡು ಇವತ್ತೇ ಅಳೆದು ಬರೆದಿಟ್ಟುಕೊಳ್ಳಿ. ಕ್ಯಾಮ್ ಹಾಕಿದ ಮೇಲೆ ಹೋಲಿಸುವುದಕ್ಕೆ ಬೇಕಾಗುತ್ತದೆ. ಈಗಲೇ ಮುಳ್ಳು ನಡುಗುತ್ತಿದ್ದರೆ ವಾಲ್ವ್ ಸೋರುತ್ತಿರಬಹುದು ಅಂತ ಗೊತ್ತಾಗುತ್ತದೆ.

ನೀವು ಮಿಶಿಗನ್‌ನಲ್ಲಿದ್ದೀರಿ ಅಂದಮೇಲೆ ಆಗಸ್ಟಿನ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಈ ಕಾರು ತೆಗೆದುಕೊಂಡು ಹೋಗೇ ಹೋಗುತ್ತೀರಿ. 1995ರಿಂದ ನಡೆಯುತ್ತಿದೆ, ಹಳೆ ಕಾರುಗಳ ಜಾತ್ರೆಯೇ ಅದು. ಅಲ್ಲಿ ಬಿಸಿಲಲ್ಲಿ ಗಂಟೆಗಟ್ಟಲೆ ತೆವಳಬೇಕು. ಎಂಜಿನ್, ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರನ್ನು ಸ್ಟಾಕ್ ಆಗಿಯೇ ಇಟ್ಟುಕೊಂಡು ದೊಡ್ಡ ಕ್ಯಾಮ್ ಹಾಕಿದ ಕಾರು ಡ್ರೈವ್‌ಗೆ ಹಾಕಿದ ಕೂಡಲೇ ಆಫ್ ಆಗಲು ನೋಡುತ್ತದೆ. ಆಫ್ ಆಗದಿರಲಿ ಅಂತ ಐಡಲ್ ಏರಿಸಿದರೆ ಬ್ರೇಕ್ ಮೀರಿ ಮುಂದೆ ತಳ್ಳುತ್ತದೆ. ಪ್ಲಗ್ ಕಪ್ಪಾಗುತ್ತವೆ, ಎಂಜಿನ್ ಬಿಸಿಯಾಗುತ್ತದೆ. ಬಾನೆಟ್ ಎತ್ತಿ ರಸ್ತೆ ಪಕ್ಕ ನಿಂತ ಕಾರುಗಳನ್ನು ನೀವೇ ನೋಡುತ್ತೀರಿ.

ಇನ್ನು ಕಂಪ್ರೆಶನ್. ದೊಡ್ಡ ಕ್ಯಾಮ್ ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಇದೇ ದೊಡ್ಡ ಕಾರಣ. 350ರ ಬೋರ್ 4 ಇಂಚು, ಸ್ಟ್ರೋಕ್ 3.48. ಒಂದು ಸಿಲಿಂಡರ್ ಸುಮಾರು 717 ಸಿಸಿ. ಪಿಸ್ಟನ್ ಮೇಲೆ ಉಳಿಯುವ ಜಾಗ: ಹೆಡ್ಡಿನ ಚೇಂಬರ್ 76, ಫ್ಲಾಟ್ ಪಿಸ್ಟನ್ನಿನ ವಾಲ್ವ್ ಗುಳಿಗಳು ಸುಮಾರು 6, ಗ್ಯಾಸ್ಕೆಟ್ 8 ಚಿಲ್ಲರೆ, ಪಿಸ್ಟನ್ ಬ್ಲಾಕಿನ ಮೇಲ್ಮೈಗಿಂತ (ಡೆಕ್) ಕೆಳಗೆ ನಿಲ್ಲುವುದರಿಂದ 5. ಒಟ್ಟು ಸುಮಾರು 95 ಸಿಸಿ. ಲೆಕ್ಕ ಹಾಕಿದರೆ 8.5 ಬರುತ್ತದೆ, ಕಂಪನಿ ಹೇಳಿದ್ದೂ ಅಷ್ಟೇ. ಅದೇ ಜಾಗಕ್ಕೆ 64 ಸಿಸಿ ಹೆಡ್ ಬಂದರೆ 9.5 ದಾಟುತ್ತದೆ.

ಈ 8.5 ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಪಿಸ್ಟನ್ ಕೆಳಗೆ ಮುಟ್ಟಿ ಮೇಲೆ ಬರಲು ಶುರು ಮಾಡಿದ ಮೇಲೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದಿರುತ್ತದೆ. ಅದು ಮುಚ್ಚಿದ ಮೇಲೆಯೇ ಒತ್ತುವ ಕೆಲಸ ಶುರು. 262ನ್ನು ಕಾರ್ಡಿನ ಪ್ರಕಾರ 106ರ ಸೆಂಟರ್‌ಲೈನ್‌ಗೆ (ಇನ್‌ಟೇಕ್ ಲೋಬಿನ ತುದಿ ಬರುವ ಡಿಗ್ರಿ) ಕೂರಿಸಿದರೆ ಇನ್‌ಟೇಕ್ ಮುಚ್ಚುವುದು ಕೆಳಗಿನಿಂದ 57 ಡಿಗ್ರಿ ಆದಮೇಲೆ. 284ರಲ್ಲಿ 68. ಆ ಹೆಚ್ಚಿನ 11 ಡಿಗ್ರಿಯಲ್ಲಿ, ನಿಧಾನ ವೇಗದಲ್ಲಿ, ಒಳಗೆ ಬಂದ ಗಾಳಿ ವಾಪಸ್ ಇನ್‌ಟೇಕ್‌ಗೇ ಹೋಗುತ್ತದೆ. ಕಂಪ್ರೆಶನ್ ಹತ್ತೋ ಹತ್ತೂವರೆಯೋ ಇದ್ದ ಎಂಜಿನ್ ಆ ನಷ್ಟ ತಡೆದುಕೊಳ್ಳುತ್ತದೆ. 8.5 ಇದ್ದದ್ದು ತಡೆಯುವುದಿಲ್ಲ. ಕಾರ್ಖಾನೆಯವರಿಗೂ ಇದು ಗೊತ್ತಿತ್ತು. 302 ಇಂಚಿನ ಜಡ್/28 ಕಮಾರೊಗೆ ಡುಂಟೊವ್ 30-30 ಅಂತ ಹೆಸರಾದ ದೊಡ್ಡ ಕ್ಯಾಮ್ ಹಾಕಿದಾಗ ಅದರ ಜೊತೆಗೆ ಕೊಟ್ಟದ್ದು 11ರ ಕಂಪ್ರೆಶನ್, ನಾಲ್ಕು ಗೇರಿನ ಮ್ಯಾನ್ಯುಯಲ್, ಹೆಚ್ಚು ರೇಶಿಯೊದ ಆಕ್ಸಲ್ ಗೇರು. ಆಟೊಮ್ಯಾಟಿಕ್ ಕೇಳಿದವರಿಗೆ ಆ ಎಂಜಿನ್ ಕೊಡುತ್ತಲೇ ಇರಲಿಲ್ಲ.

ಕೆಲಸದ ಸಾಲು ಹೀಗೆ ಇಟ್ಟುಕೊಳ್ಳಿ. ಮೊದಲು ಎಂಟೂ ಸಿಲಿಂಡರಿನ ಕಂಪ್ರೆಶನ್ ಟೆಸ್ಟ್. ಯಾವುದಾದರೂ ಒಂದೆರಡು ಉಳಿದವಕ್ಕಿಂತ ಬಹಳ ಕಡಿಮೆ ತೋರಿಸಿದರೆ ಕ್ಯಾಮ್ ಮಾತು ಪಕ್ಕಕ್ಕಿಡಿ, ಆ ದುಡ್ಡು ರಿಂಗು, ವಾಲ್ವ್ ಕೆಲಸಕ್ಕೆ ಹೋಗಲಿ. ಸುಸ್ತಾದ ಎಂಜಿನ್ನಿಗೆ ಹೊಸ ಕ್ಯಾಮ್ ಹಾಕುವುದು ಸುಮ್ನೆ ದಂಡ.

ಎಲ್ಲ ಸರಿ ಇದ್ದರೆ ಇಗ್ನಿಷನ್ ಟೈಮಿಂಗ್, ಅಂದ್ರೆ ಪಿಸ್ಟನ್ ಮೇಲೆ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮುಂಚೆ ಸ್ಪಾರ್ಕ್ ಆಗಬೇಕು ಅನ್ನುವುದು. ಇದು ಹೆಚ್ಚು ಕಡಿಮೆ ಪುಕ್ಕಟೆ ಪಿಕಪ್. ಕಾರ್ಖಾನೆಯವರು ಐಡಲ್ ಟೈಮಿಂಗನ್ನು ತೀರಾ ಕಡಿಮೆ ಇಟ್ಟಿದ್ದರು, ಹೊಗೆಯ ನಿಯಮಕ್ಕಾಗಿ. ಸಣ್ಣ ಕ್ಯಾಮ್‌ನ 350ಕ್ಕೆ ಐಡಲ್‌ನಲ್ಲಿ 12ರಿಂದ 14 ಡಿಗ್ರಿ, ವ್ಯಾಕ್ಯೂಮ್‌ನಿಂದ ಬರುವ ಹೆಚ್ಚಿನ ಅಡ್ವಾನ್ಸ್ ಲೆಕ್ಕಕ್ಕೆ ಹಿಡಿಯದೆ 3000 ಆರ್‌ಪಿಎಂಗೆ ಒಟ್ಟು 34ರಿಂದ 36 ಬರುವ ಹಾಗೆ ಡಿಸ್ಟ್ರಿಬ್ಯೂಟರಿನ ತೂಕ, ಸ್ಪ್ರಿಂಗ್ ಸೆಟ್ ಮಾಡಿಸಿ. ಅದಕ್ಕೆ ಮುಂಚೆ ಒಂದು ಎಚ್ಚರಿಕೆ. ಕ್ರ್ಯಾಂಕಿನ ಮುಂದಿನ ಬ್ಯಾಲೆನ್ಸರ್‌ನ ಹೊರ ಬಳೆ ರಬ್ಬರಿನ ಮೇಲೆ ಕೂತಿರುತ್ತದೆ. ಐವತ್ತು ವರ್ಷದಲ್ಲಿ ರಬ್ಬರ್ ಸತ್ತು ಬಳೆ ಜಾರಿರಬಹುದು. ಆಗ ಟೈಮಿಂಗ್ ಗುರುತೇ ಸುಳ್ಳು ಹೇಳುತ್ತದೆ. ಒಂದನೇ ಸಿಲಿಂಡರಿಗೆ ಪಿಸ್ಟನ್ ಸ್ಟಾಪ್ ತಿರುಗಿಸಿ ನಿಜವಾದ ಟಾಪ್ ಡೆಡ್ ಸೆಂಟರ್ (ಪಿಸ್ಟನ್ ಪೂರ್ತಿ ಮೇಲಿರುವ ಜಾಗ) ನೋಡಿಕೊಳ್ಳಿ.

ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಕೂಡ ಸಂಶಯದ್ದೇ. ಆ ಕಾಲದ ಕ್ಯಾಮ್ ಗೇರಿನ ಹಲ್ಲುಗಳ ಮೇಲೆ ನೈಲಾನ್ ಇರುತ್ತಿತ್ತು, ಸದ್ದು ಬರದಿರಲಿ ಅಂತ. ಎಂಜಿನ್ ನಿಜವಾಗಿಯೂ ಬಿಚ್ಚಿಲ್ಲದಿದ್ದರೆ ಆ ನೈಲಾನ್ ಈಗ ಪುಡಿಯಾಗುವ ಸ್ಥಿತಿಯಲ್ಲಿ ಇರುತ್ತದೆ, ಒಂದಿಷ್ಟು ಆಗಲೇ ಆಯಿಲ್ ಪ್ಯಾನಿನಲ್ಲಿ ಇರಲೂಬಹುದು. ಚೈನ್ ಸಡಿಲಾದರೆ ಕ್ಯಾಮ್ ಹಿಂದೆ ಬೀಳುತ್ತದೆ, ಕೆಳಗಿನ ಪಿಕಪ್ ಹೋಗುತ್ತದೆ. ನಿಮ್ಮ ಸಪ್ಪೆಗೆ ಒಂದು ಪಾಲು ಕಾರಣ ಇಲ್ಲೇ ಇರಬಹುದು. ಕ್ಯಾಮ್ ಜೊತೆಗೆ ಡಬಲ್ ರೋಲರ್ ಚೈನ್ ಸೆಟ್ ಹಾಕಲೇಬೇಕು.

ಎಕ್ಸಾಸ್ಟಿಗೆ 1-5/8 ಇಂಚಿನ ಟ್ಯೂಬಿನ ಹೆಡರ್ಸ್ (ಪ್ರತಿ ಸಿಲಿಂಡರಿಗೂ ಬೇರೆ ನಳಿಕೆ ಇರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್), ಎರಡೂವರೆ ಇಂಚಿನ ಡ್ಯುಯಲ್ ಪೈಪು, ನಡುವೆ ಎಚ್ ಆಕಾರದ ಜೋಡಣೆ. ಟ್ಯೂಬ್ ಇನ್ನೂ ದಪ್ಪ ಬೇಡ. ನಿಮಗೆ ಬೇಕಾದ ಸೌಂಡಿನ ಬಹುಪಾಲು ಇಲ್ಲೇ ಸಿಗುತ್ತದೆ. ಒಳ್ಳೆಯ ಮಫ್ಲರ್ ಇದ್ದರೆ 262 ಕ್ಯಾಮ್ ಕೂಡ ಸಿಗ್ನಲ್‌ನಲ್ಲಿ ಸಣ್ಣಗೆ ತೂಗುತ್ತದೆ. ಪಕ್ಕದ ಕಾರಿನವರು ತಿರುಗಿ ನೋಡುವಷ್ಟು ಇರುತ್ತದೆ, ಮಗಳು ಕಿವಿ ಮುಚ್ಚಿಕೊಳ್ಳುವಷ್ಟು ಇರುವುದಿಲ್ಲ.

ಆಮೇಲೆ ಹಿಂದಿನ ಗೇರು. ನನ್ನ ಪ್ರಕಾರ ಈ ಕಾರಿನಲ್ಲಿ ಡಾಲರಿಗೆ ಅತಿ ಹೆಚ್ಚು ಪಿಕಪ್ ಕೊಡುವ ಬದಲಾವಣೆ ಇದೇ. 2.73 ತೆಗೆದು 3.42 ಹಾಕಿದರೆ ಚಕ್ರಕ್ಕೆ ಹೋಗುವ ತಿರುಚು ಬಲ ಪ್ರತಿ ಗೇರಿನಲ್ಲೂ ಕಾಲು ಭಾಗ ಜಾಸ್ತಿ. ಎಂಜಿನ್ ಮುಟ್ಟದೇ! ಬೆಲೆ ಏನಪ್ಪಾ ಅಂದ್ರೆ, 70 ಮೈಲಿ ವೇಗದಲ್ಲಿ ಈಗ 2470 ಇರುವ ಆರ್‌ಪಿಎಂ 3100ರ ಹತ್ತಿರಕ್ಕೆ ಹೋಗುತ್ತದೆ. ಹೈವೇ ಓಡಾಟ ಜಾಸ್ತಿ ಇದ್ದರೆ 3.08ಕ್ಕೆ ನಿಲ್ಲಿಸಿ. ಮುಂದೆ ಯಾವತ್ತಾದರೂ ಓವರ್‌ಡ್ರೈವ್ ಇರುವ 700ಆರ್4 ಗೇರ್‌ಬಾಕ್ಸ್ ಹಾಕಿಸಿದರೆ ಈ ತಲೆನೋವೇ ಇಲ್ಲ. ಅದರ ಟಾಪ್ ಗೇರ್ 0.70, ಮೊದಲನೆಯದು 3.06. ನಿಮ್ಮ ಟರ್ಬೊ 350ರ ಮೊದಲನೆಯದು 2.52. ಗೇರ್ ಬದಲಿಸಿದ ಮೇಲೆ ಗೇರ್‌ಬಾಕ್ಸಿನಲ್ಲಿರುವ ಸ್ಪೀಡೋಮೀಟರಿನ ಪ್ಲಾಸ್ಟಿಕ್ ಗೇರೂ ಬದಲಿಸಿ. ಇಲ್ಲದಿದ್ದರೆ ಮೀಟರು ನಿಮ್ಮ ನಿಜವಾದ ವೇಗಕ್ಕಿಂತ ಜಾಸ್ತಿ ತೋರಿಸುತ್ತದೆ. ಅಂದಹಾಗೆ ಈಗಿರುವುದು 2.73 ಅಂತ ನೀವೇ ನೋಡಿದ್ದೀರಾ, ಮಾರಿದವರು ಹೇಳಿದ್ದಾ? ಒಂದು ಹಿಂದಿನ ಚಕ್ರ ಎತ್ತಿ, ಇನ್ನೊಂದನ್ನು ನೆಲದ ಮೇಲೆ ಬಿಟ್ಟು, ಗಾಡಿ ಅಲುಗದಂತೆ ಮುಂದಿನ ಚಕ್ರಗಳಿಗೆ ಅಡ್ಡ ಇಟ್ಟು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ. ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ರೇಶಿಯೊ. ಲಾಕ್ ಆಗದ ಮಾಮೂಲಿ ಡಿಫರೆನ್ಶಿಯಲ್‌ಗೆ ಈ ಲೆಕ್ಕ.

ಇಷ್ಟಾದ ಮೇಲೆ ಕ್ಯಾಮ್. 262ರ ಲಿಫ್ಟ್ ಇನ್‌ಟೇಕ್‌ಗೆ 0.462 ಇಂಚು, ಎಕ್ಸಾಸ್ಟ್‌ಗೆ 0.469. ಸ್ಟಾಕ್ ಕನ್ವರ್ಟರಿನಲ್ಲೇ ನಡೆಯುತ್ತದೆ. 268 ಬೇಕೇ ಬೇಕು ಅಂದರೆ 2000 ಆರ್‌ಪಿಎಂ ಮೇಲೆ ಸ್ಟಾಲ್ ಇರುವ, ಅಂದ್ರೆ ಅಲ್ಲಿಯ ತನಕ ಎಂಜಿನ್ ಏರಲು ಬಿಟ್ಟು ಆಮೇಲೆ ಬಿಗಿಯಾಗಿ ಹಿಡಿಯುವ ಕನ್ವರ್ಟರಿಗೂ ದುಡ್ಡು ಇಟ್ಟುಕೊಳ್ಳಿ.

ವಾಲ್ವ್ ಸ್ಪ್ರಿಂಗ್ ಹಳೆಯದೇ ಇರಲಿ ಅಂತ ಅಂಗಡಿಯವರು ಹೇಳಿದರೆ ಕೇಳಬೇಡಿ. ಕ್ಯಾಮ್ ಕಂಪನಿ ಯಾವ ಸ್ಪ್ರಿಂಗ್ ಹೇಳಿದೆಯೋ ಅದನ್ನೇ ಹಾಕಿಸಿ. ಹಳೆ ಹೆಡ್ಡಿನಲ್ಲಿ ಇನ್ನೊಂದು ತೊಂದರೆ ಇದೆ. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಮೇಲಿನ ರಿಟೇನರ್ ಕೆಳಗಿನ ಸೀಲಿಗೆ ತಾಗಬಹುದು. 0.460ರ ಸುತ್ತಮುತ್ತ ಲಿಫ್ಟ್ ಬಂದಾಗ ಈ ಹೆಡ್‌ಗಳಲ್ಲಿ ಜಾಗ ಮುಗಿಯುತ್ತಾ ಬರುತ್ತದೆ. ಪೂರ್ತಿ ತೆರೆದಾಗಲೂ ಅಲ್ಲಿ 0.050 ಇಂಚು ಖಾಲಿ ಉಳಿಯಬೇಕು. ಅಳೆದು ನೋಡಿ. ಉಳಿಯದಿದ್ದರೆ ಗೈಡಿನ ತಲೆಯನ್ನು ಸ್ವಲ್ಪ ತೆಗೆಸಬೇಕು.

ಫ್ಲಾಟ್ ಟ್ಯಾಪೆಟ್ಟಾ, ತಳದಲ್ಲಿ ಉರುಳೆ ಇರುವ ರೋಲರಾ? ರೋಲರ್ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಶೆವ್ರೊಲೆಯೇ 1987ರಿಂದ ಕಾರಿನ 350ಗಳಿಗೆ ರೋಲರ್ ಕೊಡಲು ಶುರು ಮಾಡಿತು. ಆದರೆ ನಿಮ್ಮ ಬ್ಲಾಕಿನಲ್ಲಿ ಆ ಲಿಫ್ಟರ್ ಹಿಡಿದಿಡುವ ವ್ಯವಸ್ಥೆ ಇಲ್ಲ. ಜೋಡಿ ಜೋಡಿಯಾಗಿ ಪಟ್ಟಿ ಕಟ್ಟಿದ ರೆಟ್ರೋಫಿಟ್ ಲಿಫ್ಟರ್, ಕ್ಯಾಮ್ ಮುಂದೆ ಸರಿಯದಂತೆ ಬಟನ್, ಬೇರೆ ಉದ್ದದ ಪುಶ್‌ರಾಡ್ ಎಲ್ಲ ಬೇಕು. ಸೇರಿ ಸಾವಿರ ಡಾಲರ್ ದಾಟುತ್ತದೆ. ನಿಮ್ಮ ಬಜೆಟ್ಟಿನಲ್ಲಿ ಆ ದುಡ್ಡು ಗೇರು, ಎಕ್ಸಾಸ್ಟಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಫ್ಲಾಟ್ ಟ್ಯಾಪೆಟ್ಟೇ ಸಾಕು, ಆದರೆ ಕೂರಿಸುವಾಗ ಶ್ರದ್ಧೆ ಬೇಕು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಫ್ಲಾಟ್ ಟ್ಯಾಪೆಟ್ಟಿನ ತಳ ನೋಡಲು ಚಪ್ಪಟೆ, ಆದರೆ ನಡುವೆ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಲೋಬ್ ಕೂಡ ಒಂದು ಬದಿಗೆ ಕೂದಲೆಳೆಯಷ್ಟು ಇಳಿಜಾರು. ಇವೆರಡೂ ಸೇರಿ ಲಿಫ್ಟರನ್ನು ಅದರ ಬಾವಿಯೊಳಗೆ ತಿರುಗಿಸುತ್ತಾ ಇರುತ್ತವೆ. ತಿರುಗದ ಲಿಫ್ಟರ್ ಕೆಲವೇ ನಿಮಿಷದಲ್ಲಿ ಲೋಬನ್ನು ಅರೆದು ಹಾಕುತ್ತದೆ, ಆ ಲೋಹದ ಪುಡಿ ಬೇರಿಂಗಿಗೆಲ್ಲ ಹೋಗುತ್ತದೆ. ಹಾಗಾಗಿ ಹೊಸ ಕ್ಯಾಮಿಗೆ ಹೊಸ ಲಿಫ್ಟರೇ ಆಗಬೇಕು. ಲೋಬ್‌ಗಳಿಗೆ, ಲಿಫ್ಟರ್ ತಳಕ್ಕೆ ಮಾಲಿಬ್ಡಿನಂ ಇರುವ ಮಾಲಿ ಪೇಸ್ಟ್ ಹಚ್ಚಿ. ಇನ್‌ಟೇಕ್ ಮ್ಯಾನಿಫೋಲ್ಡ್ ಮುಚ್ಚುವ ಮುಂಚೆ ಪ್ರತಿ ಲಿಫ್ಟರಿನ ತಲೆ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಹಾಕಿ, ಕ್ರ್ಯಾಂಕನ್ನು ಕೈಯಲ್ಲಿ ನಿಧಾನವಾಗಿ ಕೆಲವು ಸುತ್ತು ತಿರುಗಿಸಿ. ಗೆರೆಗಳು ಜಾಗ ಬದಲಿಸಬೇಕು. ಹದಿನಾರರಲ್ಲಿ ಒಂದು ನಿಂತಲ್ಲೇ ನಿಂತಿದ್ದರೂ ಮುಂದೆ ಹೋಗಬೇಡಿ, ಯಾಕೆ ಅಂತ ಹುಡುಕಿ.

ರಾಕರ್ (ವಾಲ್ವನ್ನು ಒತ್ತುವ ತೋಳು) ಬಿಗಿ ಮಾಡುವಾಗ, ಲಿಫ್ಟರಿನಿಂದ ಅದಕ್ಕೆ ಹೋಗುವ ಪುಶ್‌ರಾಡನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸುತ್ತಾ ನಟ್ ತಿರುಗಿಸಿ. ಆ ಅಲ್ಲಾಟ ನಿಂತ ಕ್ಷಣವೇ ಸೊನ್ನೆ. ಅಲ್ಲಿಂದ ಅರ್ಧ ಸುತ್ತು, ಅಷ್ಟೇ. ಪುಶ್‌ರಾಡ್ ತಿರುಗುವುದು ನಿಲ್ಲುವ ತನಕ ಬಿಗಿ ಮಾಡುವವರಿದ್ದಾರೆ. ಒಣಗಿದ ಹೊಸ ಲಿಫ್ಟರಿನಲ್ಲಿ ಆ ಹೊತ್ತಿಗೆ ಅದರೊಳಗಿನ ಪ್ಲಂಜರ್ ಆಗಲೇ ಒತ್ತಿ ಹೋಗಿರುತ್ತದೆ.

ಚೈನ್ ಹಾಕುವಾಗ ಎಡವುವ ಜಾಗ ಒಂದಿದೆ. ಕ್ರ್ಯಾಂಕ್ ಗೇರಿನ ಚುಕ್ಕೆ ಮೇಲೆ, ಕ್ಯಾಮ್ ಗೇರಿನ ಚುಕ್ಕೆ ಕೆಳಗೆ, ಎರಡೂ ಎದುರುಬದುರು ಇದ್ದಾಗ ಸ್ಪಾರ್ಕ್ ಆಗಬೇಕಾದ್ದು ಆರನೇ ಸಿಲಿಂಡರಿಗೆ, ಒಂದಕ್ಕಲ್ಲ. ಒಂದನೆಯದು ಅಂದುಕೊಂಡು ಡಿಸ್ಟ್ರಿಬ್ಯೂಟರ್ ಇಳಿಸಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟರ್ ಹೊಡೆದಷ್ಟೂ ಲೋಬ್ ಮೇಲಿನ ಪೇಸ್ಟ್ ಒರೆಸಿ ಹೋಗುತ್ತದೆ.

ಮೊದಲ ಸ್ಟಾರ್ಟ್ ಒಂದೇ ಏಟಿಗೆ ಆಗಬೇಕು. ಡಿಸ್ಟ್ರಿಬ್ಯೂಟರಿನ ತೂತಿನಿಂದ ಡ್ರಿಲ್ ಇಳಿಸಿ ಆಯಿಲ್ ಪಂಪನ್ನು ತಿರುಗಿಸಿ, ರಾಕರ್‌ಗಳ ಮೇಲೆ ಆಯಿಲ್ ಬರುವ ತನಕ. ಕಾರ್ಬುರೇಟರಿನ ಬೌಲಿಗೆ ಪೆಟ್ರೋಲ್ ತುಂಬಿಸಿ. ರೇಡಿಯೇಟರ್ ತುಂಬಿರಲಿ. ಎಂಜಿನ್ ಹಿಡಿದ ಕೂಡಲೇ 2000ಕ್ಕೆ ಏರಿಸಿ, 2000ದಿಂದ 2500ರ ನಡುವೆ ಏರಿಳಿಸುತ್ತಾ ಇಪ್ಪತ್ತರಿಂದ ಮೂವತ್ತು ನಿಮಿಷ ಓಡಿಸಿ. ಐಡಲ್‌ಗೆ ಬಿಡಲೇಬಾರದು. ಲೋಬ್‌ಗಳಿಗೆ, ಲಿಫ್ಟರ್ ತಳಕ್ಕೆ ಆಯಿಲ್ ಸಿಗುವುದು ಕ್ರ್ಯಾಂಕ್ ಎರಚಿದ್ದರಿಂದ, ಐಡಲ್‌ನಲ್ಲಿ ಅದು ಸಾಲುವುದಿಲ್ಲ. ಎಲ್ಲಾದರೂ ನೀರು ಸೋರಿದರೆ ಆಫ್ ಮಾಡಿ, ಸರಿಮಾಡಿ, ಮತ್ತೆ ಸೀದಾ 2000ಕ್ಕೆ. ಸೌಂಡ್ ಹೇಗಿದೆ ಅಂತ ಐಡಲ್‌ಗೆ ಬಿಟ್ಟು ಕೇಳುವ ಆಸೆ ಆಗುತ್ತದೆ, ತಡೆದುಕೊಳ್ಳಿ.

ಆಯಿಲ್ ಬ್ರೇಕ್-ಇನ್‌ಗೆಂದೇ (ಹೊಸ ಭಾಗಗಳು ಹದಕ್ಕೆ ಬರುವ ಮೊದಲ ಓಟಕ್ಕೆ) ಮಾಡಿದ್ದು ಹಾಕಿ. ಆಮೇಲೂ ಹಳೆ ಎಂಜಿನ್‌ಗಳಿಗೆಂದು ಮಾರುವ, ಸತು ಮತ್ತು ರಂಜಕ ಜಾಸ್ತಿ ಇರುವ ಆಯಿಲ್ಲೇ ಬಳಸಿ. ಹೊಸ ಕಾರುಗಳ 5ಡಬ್ಲ್ಯು-30ರಂಥ ಆಯಿಲ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಯಲಿ ಅಂತ ರಂಜಕವನ್ನು 800 ಪಿಪಿಎಂ ಒಳಗೆ ಇಟ್ಟಿರುತ್ತಾರೆ. ರೋಲರ್ ಎಂಜಿನ್ನಿಗೆ ಅದು ಸಾಕು, ಫ್ಲಾಟ್ ಟ್ಯಾಪೆಟ್ಟಿಗೆ ಸಾಲದು.

ಕಾರ್ಬುರೇಟರ್ ವಿಷಯ ಬೇಗ ಮುಗಿಸುತ್ತೇನೆ. 350ನ್ನು 5500ರಿಂದ ಗುಣಿಸಿ 3456ರಿಂದ ಭಾಗಿಸಿದರೆ 557 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ). ರಸ್ತೆ ಎಂಜಿನ್ ಪೂರ್ತಿ ತುಂಬುವುದಿಲ್ಲ, 85 ಶೇಕಡಾ ಹಿಡಿದರೆ 475ರ ಆಸುಪಾಸು. ಹಿಂದಿನ ಬ್ಯಾರೆಲ್‌ಗಳು ವ್ಯಾಕ್ಯೂಮ್‌ನಿಂದ ತೆರೆಯುವ (ವ್ಯಾಕ್ಯೂಮ್ ಸೆಕೆಂಡರಿ), ಹಾಲಿ ಕಂಪನಿಯ 600ರ ಕಾರ್ಬುರೇಟರ್ ಧಾರಾಳ ಸಾಕು. ನಿಮ್ಮದು ಜೆ ಕೋಡಿನ ಕಾರಾಗಿದ್ದು ಮೂಲ ಕ್ವಾಡ್ರಾಜೆಟ್ ಕಾರ್ಬುರೇಟರ್ ಇದ್ದರೆ ಬದಲಿಸಲೇಬೇಡಿ, ರಿಪೇರಿ ಕಿಟ್ ಹಾಕಿಸಿ. ಎಚ್ ಕೋಡ್ ಆಗಿದ್ದರೆ ಎಡೆಲ್‌ಬ್ರಾಕ್ ಪರ್ಫಾರ್ಮರ್ ಥರದ ಡ್ಯುಯಲ್ ಪ್ಲೇನ್ ಇನ್‌ಟೇಕ್ ಮ್ಯಾನಿಫೋಲ್ಡ್ ಬೇಕಾಗುತ್ತದೆ. ಪೆಟ್ರೋಲು ಮಾಮೂಲಿ 87 ಆಕ್ಟೇನಿನದ್ದೇ ಆಗುತ್ತದೆ, 8.5 ಕಂಪ್ರೆಶನ್‌ಗೆ 93 ಹಾಕಿಸುವುದು ದಂಡ.

ಇದೆಲ್ಲ ಮುಗಿದು, ಒಂದು ಬೇಸಿಗೆ ಓಡಿಸಿ, ಇನ್ನೂ ಬೇಕು ಅನ್ನಿಸಿದರೆ ಮುಂದಿನ ದುಡ್ಡು ಹೆಡ್ಡಿಗೆ. ಶೆವ್ರೊಲೆ 1996ರಿಂದ ಟ್ರಕ್ಕುಗಳಿಗೆ ಹಾಕಿದ ವೋರ್ಟೆಕ್ ಹೆಡ್‌ಗಳು, 906 ಅಥವಾ 062 ಅಂತ ಗುರುತಿರುವವು, ಬೀಡುಕಬ್ಬಿಣದವೇ ಆದರೂ ಗಾಳಿ ಬಿಡುವುದರಲ್ಲಿ ನಿಮ್ಮವಕ್ಕಿಂತ ಎಷ್ಟೋ ಮೇಲು. ಚೇಂಬರ್ 64 ಸಿಸಿ, ಅಂದ್ರೆ ಕಂಪ್ರೆಶನ್ 9.5ಕ್ಕೆ ಏರುತ್ತದೆ. ಆಗ 268 ಕ್ಯಾಮ್ ಮಾತಾಡಬಹುದು, ಆಗ 93ರ ಪೆಟ್ರೋಲೂ ಬೇಕು. ಇವಕ್ಕೆ ಬೇರೆಯೇ ಬೋಲ್ಟ್ ಜೋಡಣೆಯ ಇನ್‌ಟೇಕ್, ಸ್ವತಃ ಸಾಲಿಗೆ ನಿಲ್ಲುವ ರಾಕರ್, ಬೇರೆ ವಾಲ್ವ್ ಕವರ್ ಬೇಕು. ಇನ್‌ಟೇಕ್ ಕೆಳಗೆ ಎಕ್ಸಾಸ್ಟ್ ಬಿಸಿ ಹಾಯುವ ದಾರಿ ಇಲ್ಲದ್ದರಿಂದ ನಿಮ್ಮ ಕಡೆಯ ಚಳಿಯಲ್ಲಿ ಎಂಜಿನ್ ಬಿಸಿಯಾಗಲು ತಡ ಮಾಡುತ್ತದೆ. ಚಳಿಗಾಲದಲ್ಲಿ ಕಾರು ಗ್ಯಾರೇಜಿನಲ್ಲೇ ಇರುವುದಾದರೆ ಅದೇನೂ ದೊಡ್ಡದಲ್ಲ. ವೋರ್ಟೆಕ್ ಹಾಕುವ ಯೋಚನೆ ಈಗಲೇ ಇದ್ದರೆ ಈಗ ಇನ್‌ಟೇಕ್ ಕೊಳ್ಳಬೇಡಿ, ಅದು ಆಮೇಲೆ ಕೂರುವುದಿಲ್ಲ.

ನಿಮ್ಮ ಐದು ಸಾವಿರದಲ್ಲಿ ಹೆಡರ್ಸ್ ಮತ್ತು ಪೈಪು, ಗೇರ್ ಸೆಟ್ಟು, ಕ್ಯಾಮ್, ಲಿಫ್ಟರ್, ಸ್ಪ್ರಿಂಗ್, ಚೈನು, ಗ್ಯಾಸ್ಕೆಟ್ಟು ಬರುತ್ತವೆ, ಕೆಲಸ ನೀವೇ ಮಾಡಿಕೊಂಡರೆ. ಹಿಂದಿನ ಗೇರ್ ಮಾತ್ರ ಗೊತ್ತಿರುವವರ ಕೈಗೆ ಕೊಡಿ, ಅದರ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಹೊಂದಿಸಲು ಅಳತೆ ಸಾಧನ, ಅನುಭವ ಎರಡೂ ಬೇಕು. ಬಿಚ್ಚಿದ ಮೂಲ ಮ್ಯಾನಿಫೋಲ್ಡು, ಕಾರ್ಬುರೇಟರು, ಏರ್ ಕ್ಲೀನರು ಒಂದನ್ನೂ ಬಿಸಾಡಬೇಡಿ, ಚೀಟಿ ಅಂಟಿಸಿ ಡಬ್ಬದಲ್ಲಿಡಿ. ಬ್ಲಾಕಿನ ಮುಂದೆ, ಬಲಗಡೆ ಹೆಡ್ಡಿನ ಕೆಳಗೆ ಒಂದು ಸಣ್ಣ ಸಪಾಟು ಜಾಗದಲ್ಲಿ ನಂಬರು ಕೊರೆದಿದೆ. ಅದರ ಕೊನೆಯ ಅಂಕೆಗಳು ವಿನ್ ನಂಬರಿಗೆ ಹೊಂದಿದರೆ ಎಂಜಿನ್ ಈ ಕಾರಿನದ್ದೇ. ಹಾಗಿದ್ದರೆ ಯಾವ ಕೆಲಸಕ್ಕೂ ಆ ಜಾಗವನ್ನು ಉಜ್ಜಲು, ಕೆತ್ತಲು ಬಿಡಬೇಡಿ. ಮಷಿನ್ ಶಾಪಿಗೆ ಬ್ಲಾಕ್ ಕೊಡುವ ಸಂದರ್ಭ ಬಂದರೆ ಇದನ್ನು ಮೊದಲೇ ಬಾಯಿಬಿಟ್ಟು ಹೇಳಿ.